ನಾನು ಅಳುತ್ತಿರಲಿಲ್ಲ

ವಿರಾಜಪೇಟೆ, ಆಗಸ್ಟ್

ಮಗಳೇ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಎರಡು ಸಲ ಕೇಳಿದೆ, "ಅಮ್ಮಾ, ಅಳುತ್ತಿದ್ದೀಯಾ? ಅಪ್ಪನ ಹತ್ತಿರ ಜಗಳವೇ?" ಎಂದು. ಅಳುತ್ತಿರಲಿಲ್ಲ. ಹತ್ತು ನಿಮಿಷ ಮಾತನಾಡಿದರೆ ಸಾಕು, ಈಗ ನನ್ನ ಧ್ವನಿ ಮೂಗಿಗೆ ಏರುತ್ತದೆ, ನಾಲಿಗೆ ತೊದಲುತ್ತದೆ. ಅದಕ್ಕೇ ಬೆಳಗಿನ ಆರೂವರೆಗೆ ಕಾಗದ ಹಿಡಿದು ಕುಳಿತಿದ್ದೇನೆ. ಬೆಳಗ್ಗೆ ನಾನು ಗಟ್ಟಿ. ನನಗೊಂದು ಕಾಯಿಲೆ ಇದೆ; ನಿನ್ನ ಪರೀಕ್ಷೆ ಮುಗಿಯಲಿ ಎಂದು ಇಷ್ಟು ದಿನ ಮುಚ್ಚಿಟ್ಟೆ. ಬೈಯುವುದಿದ್ದರೆ ನನ್ನನ್ನು ಬೈ, ಅಪ್ಪನನ್ನಲ್ಲ.

ಶುರುವಾದದ್ದು ಜನವರಿಯ ಕೊಯ್ಲಿನಲ್ಲಿ. ಸಂಜೆ ಕಾಫಿ ಹಣ್ಣಿನ ಮೂಟೆ ತೂಗುವಾಗ ತಕ್ಕಡಿಯ ಮುಳ್ಳು ಎರಡಾಗಿ ಕಾಣಿಸಿತು. ಒಂದು ಕಣ್ಣು ಮುಚ್ಚಿದರೆ ಒಂದೇ ಮುಳ್ಳು. ಹಾಗೇ ವಾರವಿಡೀ ಒಕ್ಕಣ್ಣಿನಲ್ಲಿ ಲೆಕ್ಕ ಬರೆದೆ. ಲೈನ್ ಮನೆಯ ಹೆಂಗಸರು "ಅಕ್ಕ ಯಾರಿಗೆ ಕಣ್ಣು ಹೊಡೆಯುತ್ತಿದ್ದಾರೆ?" ಎಂದು ನಕ್ಕರು. ಕನ್ನಡಕ ಬದಲಾಯಿಸಿದೆ, ದುಡ್ಡು ದಂಡ. ಆಮೇಲೆ ಹೊತ್ತು ಇಳಿಯುತ್ತಿದ್ದಂತೆ ಎಡಗಣ್ಣಿನ ರೆಪ್ಪೆಯೂ ಇಳಿಯತೊಡಗಿತು. ಅಕ್ಕಿರೊಟ್ಟಿಯ ಮೊದಲ ಅರ್ಧ ಸಲೀಸು. ಉಳಿದರ್ಧಕ್ಕೆ ದವಡೆ ಸೋತು, ಗದ್ದಕ್ಕೆ ಕೈ ಆನಿಸಿ ಅಗಿಯಬೇಕು. ಸ್ವಲ್ಪ ಸುಮ್ಮನೆ ಕುಳಿತರೆ ಎಲ್ಲವೂ ಸರಿ. ಹೀಗೆ ಬಂದು ಹೋಗುವುದನ್ನು ಕಾಯಿಲೆ ಎಂದು ಯಾರು ನಂಬುತ್ತಾರೆ? ನಾನೇ ನಂಬಲಿಲ್ಲ, ಸೋಮಾರಿತನ ಎಂದುಕೊಂಡೆ.

ಮಾರ್ಚಿನಲ್ಲಿ ತೋಟ ಹೂ ಬಿಟ್ಟಿದ್ದಾಗ ಮೈಸೂರಿಗೆ ಹೋದೆವು. ನರರೋಗ ತಜ್ಞೆ ರಬ್ಬರ್ ಕೈಗವಸಿನೊಳಗೆ ಮಂಜುಗಡ್ಡೆ ತುಂಬಿ ರೆಪ್ಪೆಯ ಮೇಲೆ ಎರಡು ನಿಮಿಷ ಇಟ್ಟು ತೆಗೆದರು. ಬಿದ್ದಿದ್ದ ರೆಪ್ಪೆ ಎದ್ದಿತ್ತು! ಅಪ್ಪ ಮಂತ್ರವಾದಿಯನ್ನು ನೋಡಿದಂತೆ ನೋಡಿದರು. ರಕ್ತಪರೀಕ್ಷೆಯೂ ಅದನ್ನೇ ಹೇಳಿತು: ಮಯಸ್ತೇನಿಯಾ ಗ್ರೇವಿಸ್, ಕೆಲಸ ಮಾಡಿದಷ್ಟೂ ಸ್ನಾಯು ಸೋಲುವ ಕಾಯಿಲೆ. ಚಳಿಯಲ್ಲಿ ವಾಸಿ, ಬಿಸಿಯಲ್ಲಿ ಜಾಸ್ತಿ. ಹಂಡೆಯ ಸುಡುನೀರಿನ ಸ್ನಾನ ಬಿಟ್ಟದ್ದೇ ನನಗೆ ದೊಡ್ಡ ದುಃಖ.

ನೀನು ಪಿಯುಸಿಯಲ್ಲಿದ್ದಾಗ ಮೆಣಸು ಕೊಯ್ಯುತ್ತಿದ್ದ ಹುಡುಗನಿಗೆ ನಾಗರಹಾವು ಕಚ್ಚಿತ್ತು, ನೆನಪಿದೆಯಲ್ಲ? ಜೀಪಿನಲ್ಲಿ ಅವನು ಕಣ್ಣು ತೆರೆಯಲಾಗದೆ ತಲೆ ಹಿಂದಕ್ಕೆ ವಾಲಿಸಿ ನಮ್ಮನ್ನು ನೋಡುತ್ತಿದ್ದ. ನರ ಸ್ನಾಯುವಿಗೆ ಅಪ್ಪಣೆ ಕೊಡುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ; ಸ್ನಾಯುವಿನ ಮೇಲೆ ಅದನ್ನು ಹಿಡಿಯುವ ಗ್ರಾಹಕಗಳಿವೆ. ಹಾವಿನ ವಿಷ ಅವನ್ನೇ ಮುಚ್ಚುತ್ತದೆ. ನನ್ನಲ್ಲಿ ಆ ಕೆಲಸವನ್ನು ನನ್ನದೇ ಪ್ರತಿಕಾಯಗಳು ಮಾಡುತ್ತಿವೆ. ಪ್ರತಿವಿಷದ ಜತೆ ಅವನಿಗೆ ಕೊಟ್ಟ ನಿಯೋಸ್ಟಿಗ್ಮಿನ್, ನಾನು ನುಂಗುವ ಮಾತ್ರೆಯ ಅಕ್ಕ. 1934ರಲ್ಲಿ ಲಂಡನ್ನಿನಲ್ಲಿ ಮೇರಿ ವಾಕರ್ ಎಂಬ ವೈದ್ಯೆಗೆ ಹೊಳೆದದ್ದೂ ಇಂಥದ್ದೇ. ಈ ರೋಗ ಬಾಣಕ್ಕೆ ಸವರುವ ಕ್ಯುರಾರೆ ವಿಷವನ್ನು ಹೋಲುತ್ತದೆ, ಆ ವಿಷಕ್ಕೆ ಕೊಡುವ ಮದ್ದನ್ನೇ ಕೊಟ್ಟು ನೋಡೋಣ ಎಂದು ಕೊಟ್ಟರು, ಫಲಿಸಿತು.

ನನ್ನ ಮಾತ್ರೆ ಪಿರಿಡೋಸ್ಟಿಗ್ಮಿನ್, 60 ಮಿಲಿಗ್ರಾಂ. ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಿದರೆ ದವಡೆಗೆ ಬಲ ಬರುತ್ತದೆ, ಮೂರು ನಾಲ್ಕು ಗಂಟೆ ನಿಲ್ಲುತ್ತದೆ. ಹೊಟ್ಟೆಯೊಳಗೆ ಗುಡುಗು ಉಚಿತ. ಅದು ರೋಗದ ಬುಡಕ್ಕೆ ಹೋಗುವುದಿಲ್ಲ. ಬುಡಕ್ಕೆ, ಅಂದರೆ ಆ ಪ್ರತಿಕಾಯಗಳನ್ನು ತಗ್ಗಿಸಲು, ಪ್ರೆಡ್ನಿಸೊಲೋನ್ ಮತ್ತು ಅಜಥಯೋಪ್ರಿನ್. ಎರಡನೆಯದು ಹಿಡಿಯಲು ತಿಂಗಳುಗಳೇ ಬೇಕು. ವಿಡಿಯೊದಲ್ಲಿ "ದುಂಡಗಾಗಿದ್ದೀಯಾ" ಎಂದೆಯಲ್ಲ, ಅದು ಮೊದಲನೆಯದರ ಕೃಪೆ. ಕಕ್ಕಡ ಮಾಸದ 18ಕ್ಕೆ ನಿನ್ನ ದೊಡ್ಡಮ್ಮ ಮದ್ದುಸೊಪ್ಪಿನ ಪಾಯಸ ತಂದು ಇದರಿಂದಲೇ ವಾಸಿ ಎಂದರು. ಎರಡು ಬಟ್ಟಲು ತಿಂದೆ, ಮಾತ್ರೆಯನ್ನೂ ನುಂಗಿದೆ. ಮರುದಿನ ಸೊಪ್ಪಿನ ಬಣ್ಣಕ್ಕೆ ಮೂತ್ರ ಕೆಂಪಾದದ್ದು ಬಿಟ್ಟರೆ ಬೇರೆ ಬದಲಾವಣೆ ಕಾಣಲಿಲ್ಲ.

ಈ ಪ್ರತಿಕಾಯಗಳಿಗೆ ಕುಮ್ಮಕ್ಕು ಕೊಡುವುದು ಎದೆಮೂಳೆಯ ಹಿಂದಿನ ಥೈಮಸ್ ಗ್ರಂಥಿ; ಅದರಲ್ಲಿ ಈ ರೋಗದ 100 ಜನರಲ್ಲಿ 10–15 ಮಂದಿಗೆ ಗೆಡ್ಡೆ ಇರುತ್ತದಂತೆ. ನನಗಿಲ್ಲ, ಸಿ.ಟಿ. ಮಾಡಿಸಿದ್ದಾಯಿತು. ಆದರೂ ಗ್ರಂಥಿ ತೆಗೆಸಿದರೆ ಮುಂದೆ ಮಾತ್ರೆ ತಗ್ಗಬಹುದು ಎನ್ನುತ್ತಾರೆ. ಕೊಯ್ಲು ಮುಗಿಯಲಿ ಎಂದಿದ್ದೇನೆ. ಅಪ್ಪನಿಗೆ ಈಗಲೇ ಆಗಬೇಕು. ಜಗಳ ಇರುವುದು ಇದಕ್ಕೆ.

ನೀನು ಕೇಳುವ ಮೊದಲೇ ಹೇಳುತ್ತೇನೆ: ಇದು ಅಂಟುವುದಿಲ್ಲ, ತಾಯಿಯಿಂದ ಮಗಳಿಗೆ ನೇರವಾಗಿ ಇಳಿದು ಬರುವ ಕಾಯಿಲೆಯೂ ಅಲ್ಲ.

ಇದರೊಂದಿಗೆ ಒಂದು ಚೀಟಿ ಇಟ್ಟಿದ್ದೇನೆ. ಜೆಂಟಾಮೈಸಿನ್, ಸಿಪ್ರೊಫ್ಲಾಕ್ಸಸಿನ್, ಅಜಿತ್ರೋಮೈಸಿನ್, ಕ್ವಿನೈನ್, ಮೆಗ್ನೀಸಿಯಂ ಇಂಜೆಕ್ಷನ್: ಇವು ನನ್ನ ಸ್ನಾಯುಗಳನ್ನು ಇನ್ನಷ್ಟು ಸೋಲಿಸಬಹುದು. ಫೋಟೊ ತೆಗೆದು ಮೊಬೈಲಿನಲ್ಲಿಟ್ಟುಕೋ. ನನಗೆ ಜ್ವರ ಬಂದು ಯಾರಾದರೂ ಆತುರದಲ್ಲಿ ಚುಚ್ಚಲು ಹೊರಟರೆ ನೀನು ತೋರಿಸಬೇಕು. ನೀರು ಮೂಗಿಗೆ ಬಂದರೆ, ಉಸಿರು ಗಿಡ್ಡವಾದರೆ, ಬೆಳಗಾಗಲಿ ಎಂದು ಕಾಯುವಂತಿಲ್ಲ. ಆಸ್ಪತ್ರೆಯಲ್ಲಿ ಇಮ್ಯುನೊಗ್ಲಾಬ್ಯುಲಿನ್ ಏರಿಸಬೇಕು ಇಲ್ಲವೇ ಪ್ಲಾಸ್ಮಾ ಬದಲಿಸಬೇಕು. ಅಪ್ಪನಿಗೆ ಗೊತ್ತು, ಆದರೆ ಗಾಬರಿಯಲ್ಲಿ ಅವರಿಗೆ ಜೀಪಿನ ಕೀಲಿಯೇ ಸಿಗುವುದಿಲ್ಲ.

ಕೈಲುಮುಹೂರ್ತದ ಹಬ್ಬಕ್ಕೆ ಬಾ. ಮೆತ್ತನೆಯ ಕಡಂಬುಟ್ಟು ನನಗೆ, ಪಂದಿಕರಿಯ ತುಂಡುಗಳೆಲ್ಲ ನಿನಗೆ. ಅಲ್ಲಿಯವರೆಗೆ ಬೆಳಗ್ಗೆ ಎಂಟರೊಳಗೆ ಫೋನ್ ಮಾಡು. ಆ ಹೊತ್ತಿಗೆ ನೀನು ಏಳುವುದಿಲ್ಲ ಎಂಬುದು ಬೇರೆ ಮಾತು.

ಅಮ್ಮ