ರೂಪಾಯಿಗೆ ಹನ್ನೆರಡಾಣೆ ನೋವು

ಮಾನ್ಯ ಸಂಪಾದಕರೇ,

ಮುಖ ನೋಡಿ ನೋವಿನ ಲೆಕ್ಕ ಹೇಳುವ ಕೃತಕ ಬುದ್ಧಿಮತ್ತೆಯ ಬಗ್ಗೆ ಈಚೆಗೆ ಪತ್ರಿಕೆಗಳಲ್ಲಿ ಓದುತ್ತಿದ್ದೇನೆ. ಓದಿದಾಗಲೆಲ್ಲ ಪಕ್ಕದಲ್ಲಿ ಕೂತ ನಮ್ಮತ್ತೆಯ ಮುಖ ನೋಡುತ್ತೇನೆ. ಅಲ್ಲೇನೂ ಕಾಣುವುದಿಲ್ಲ.

ಅತ್ತೆಗೆ ಈಗ 78. ಇಲ್ಲೇ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತು ವರ್ಷ ದುಡಿದವರು. ಕುಕ್ಕರಗಾಲಲ್ಲಿ ಕೂತು ಕೂತು ಮಂಡಿ ಹೋಗಿದೆ. ಹೋದ ತಿಂಗಳು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. 'ಹತ್ತಕ್ಕೆ ಎಷ್ಟು ನೋವು ಅಜ್ಜಿ?' ಎಂದು ಡಾಕ್ಟರು ಕೇಳಿದರು. ಅತ್ತೆ ಸ್ವಲ್ಪ ಯೋಚಿಸಿ, 'ರೂಪಾಯಿಗೆ ಹನ್ನೆರಡಾಣೆ ನೋಯ್ತೈತಪ್ಪ' ಅಂದರು. ಡಾಕ್ಟರು ನಕ್ಕು, ಚೀಟಿಯಲ್ಲಿ 4 ಅಂತ ಬರೆದರು. ಎಕ್ಸ್‌ರೇಯಲ್ಲಿ ಅಂಥದ್ದೇನೂ ಇಲ್ಲವಂತೆ. ಹದಿನಾರಾಣೆಗೆ ಹನ್ನೆರಡು ಅಂದರೆ ಹತ್ತಕ್ಕೆ ಏಳೂವರೆ ಆಗುತ್ತೆ, ಅಲ್ವಾ? ಉಳಿದ ಮೂರೂವರೆ ಎಲ್ಲಿ ಹೋಯಿತು?

ಆಸ್ಟ್ರೇಲಿಯಾದ ವೃದ್ಧಾಶ್ರಮಗಳಲ್ಲಿ ಪೇನ್‌ಚೆಕ್ ಎಂಬ ಆ್ಯಪ್ ಬಳಸುತ್ತಾರೆ. ಮರೆವಿನ ಕಾಯಿಲೆಯಿಂದ ಹೇಳಿಕೊಳ್ಳಲಾಗದವರ ಮುಖವನ್ನು ಅದು ಫೋನಿನ ಕ್ಯಾಮೆರಾದಲ್ಲಿ ನೋಡುತ್ತದೆ. ನರಳಾಟ, ಓಡಾಟದ ವಿವರವನ್ನು ಆರೈಕೆ ಮಾಡುವವರು ತುಂಬುತ್ತಾರೆ. ಅಂಥವರಿಗೆ ಅದು ಒಳ್ಳೆಯದೇ. ಆದರೆ ನಮ್ಮತ್ತೆಗೆ ಬಾಯಿ ಇದೆ, ಮುಖ ಮಾತ್ರ ಸುಮ್ನೆ ಇರುತ್ತದೆ. ಡಾಕ್ಟರ ಎದುರು ಹಲ್ಲು ಕಚ್ಚಿ ಕೂರುತ್ತಾರೆ. ರಾತ್ರಿ ಲೈಟ್ ಆರಿಸಿದ ಮೇಲೆ ಮಂಡಿಗೆ ಎಣ್ಣೆ ತಿಕ್ಕುವ ಸದ್ದು ಎಷ್ಟು ಹೊತ್ತು ಕೇಳುತ್ತದೆ ಎನ್ನುವುದೇ ನನ್ನ ಲೆಕ್ಕ.

2021ರಲ್ಲಿ ಅಮೆರಿಕದ ಒಂದು ಅಧ್ಯಯನ ಪ್ರಕಟವಾಯಿತು. ಅದರಲ್ಲಿ ಮಂಡಿಯ ಎಕ್ಸ್‌ರೇ ಜೊತೆಗೆ ರೋಗಿಗಳೇ ಹೇಳಿದ ನೋವನ್ನು ಕಂಪ್ಯೂಟರಿಗೆ ಕಲಿಸಿದರು, ಎಕ್ಸ್‌ರೇ ನೋಡಿ ಮಂಡಿ ಎಷ್ಟು ಕೆಟ್ಟಿದೆ ಎಂದು ಡಾಕ್ಟರು ಕೊಟ್ಟ ಗ್ರೇಡನ್ನು ಬದಿಗಿಟ್ಟರು. ಅಲ್ಲಿ ಕರಿಯರಿಗೆ ಮಂಡಿನೋವು ಜಾಸ್ತಿ. ಅವರಿಗೂ ಬೇರೆಯವರಿಗೂ ನೋವಿನಲ್ಲಿದ್ದ ವ್ಯತ್ಯಾಸದಲ್ಲಿ ಹಳೇ ಗ್ರೇಡಿನಿಂದ ವಿವರಿಸಲು ಆಗಿದ್ದು ಶೇ 9 ಮಾತ್ರ, ಕಂಪ್ಯೂಟರಿನಿಂದ ಆಗಿದ್ದು ಶೇ 43. ಅಂದರೆ ನೋವಿನ ಎಷ್ಟೋ ಗುರುತು ಎಕ್ಸ್‌ರೇಯಲ್ಲೇ ಇತ್ತು. ಗ್ರೇಡು ಹಾಕುವವರ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೇ.

ನಮ್ಮ ಊರಿಗೂ ಇಂಥದ್ದು ಬರುವುದಾದರೆ ಬರಲಿ, ನನ್ನದೇನೂ ತಕರಾರಿಲ್ಲ. ಅದಕ್ಕೂ ಮೊದಲು ರೋಗಿ ಹೇಳಿದ ಮಾತನ್ನು ಇದ್ದ ಹಾಗೆ ಚೀಟಿಯಲ್ಲಿ ಬರೆಯುವ ಪದ್ಧತಿ ಆಸ್ಪತ್ರೆಗಳಲ್ಲಿ ಶುರುವಾಗಲಿ. ಚಳುಕು ಬೇರೆ, ಸೆಳೆತ ಬೇರೆ, ಜೋಮು ಬೇರೆ, ಉರಿ ಬೇರೆ. ಇವತ್ತು ಬರೆದ ಚೀಟಿಯಿಂದಲೇ ತಾನೇ ನಾಳೆ ಯಂತ್ರ ಕಲಿಯುವುದು? ಈಗಿನ ಚೀಟಿ ಕೊಟ್ಟರೆ ಅದೂ ಅತ್ತೆಗೆ 4 ಅಂತಲೇ ಹೇಳುತ್ತದೆ.

ಮುಂದಿನ ವಾರ ಮತ್ತೆ ತೋರಿಸಬೇಕು. ಈ ಸಲ ಏಳೂವರೆ ಅಂತ ಬರೆಸಿಕೊಂಡೇ ಬರುತ್ತೇನೆ.

ಇಂತಿ,
ಓದುಗಳೊಬ್ಬಳು, ದಾವಣಗೆರೆ