ಹಾಲೆಮನೆ ಎಂದು ಬರೆದ ಹುಡುಗಿ: ದಕ್ಷಿಣ ಶಿಕ್ಷಕರ ಕ್ಷೇತ್ರದ ಸದಸ್ಯರಿಗೆ ಬಹಿರಂಗ ಪತ್ರ

ದಕ್ಷಿಣ ಶಿಕ್ಷಕರ ಕ್ಷೇತ್ರದ ವಿಧಾನ ಪರಿಷತ್ ಸದಸ್ಯರಿಗೆ,

ಮಾನ್ಯರೇ, ನಮಸ್ಕಾರ.

ನಾನು ಮದ್ದೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುವವಳು. ಬರುವ ಜೂನ್‌ಗೆ 19 ವರ್ಷ ತುಂಬುತ್ತದೆ. ವರ್ಗಾವಣೆ, ಬಡ್ತಿ, ಪಿಂಚಣಿ ಅಂತ ನಿಮ್ಮ ಬಾಗಿಲಿಗೆ ದಿನಾ ಶಿಕ್ಷಕರು ಬರುತ್ತಾರೆ. ಅವರ ಕಷ್ಟ ನಿಜವಾದದ್ದೇ. ಹಳೆ ಪಿಂಚಣಿ ಬೇಕು ಅಂತ ನಾನೂ ಬೀದಿಯಲ್ಲಿ ಕೂತಿದ್ದೇನೆ. ಈ ಪತ್ರ ಮಾತ್ರ ಬೇರೆ ವಿಷಯಕ್ಕೆ. ನಮಗೆ ಮತ್ತೆ ಓದಲು ದಾರಿ ಮಾಡಿಕೊಡಿ, ಭಾಷೆ ಕಲಿಸುವ ನಮ್ಮಂಥವರು ಕೆಲಸದಲ್ಲಿದ್ದುಕೊಂಡೇ ಓದುವ ಎರಡು ವರ್ಷದ ಒಂದು ಕೋರ್ಸು ಮೈಸೂರಿನಲ್ಲಿ ಶುರು ಮಾಡಿಸಿ ಅಂತ ಕೇಳುವುದಕ್ಕೆ.

ಒಂದು ನೋಟ್‌ಬುಕ್ಕಿನಿಂದ ಶುರು ಮಾಡುತ್ತೇನೆ. ಎಂಟನೇ ತರಗತಿಯ ಹುಡುಗಿಯೊಬ್ಬಳು ತನ್ನ ಊರಿನ ಬಗ್ಗೆ ಪ್ರಬಂಧ ಬರೆದಿದ್ದಳು. ಮೊದಲ ಎರಡು ಸಾಲು ಹೀಗಿದ್ದವು: "ನಮ್ಮ ಅಟ್ಟಿ ಇಂದೆ ಹಾಲೆಮನೆ ಇದೆ. ಅದರ ಒಗೆ ಹಾಕಾಶಕ್ಕೆ ಓಗುತ್ತದೆ."

ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಟ್ಟಿ ಹಿಂದೆ ಆಲೆಮನೆ, ಹೊಗೆ ಆಕಾಶಕ್ಕೆ ಹೋಗುತ್ತದೆ. ಎರಡು ಸಾಲಿನಲ್ಲಿ ಆರು ತಪ್ಪು. ಆರಕ್ಕೂ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ. "ಗಮನವಿಟ್ಟು ಬರೆ" ಅಂತ ಪಕ್ಕದಲ್ಲಿ ಬರೆದೆ. ಒಂದೊಂದು ಪದವನ್ನೂ ಹತ್ತು ಸಲ ಬರೆದುಕೊಂಡು ಬಾ ಅಂದೆ. ಪಾಪ, ಬರೆದುಕೊಂಡು ಬಂದಳು. ಮುಂದಿನ ವಾರದ ಪ್ರಬಂಧದಲ್ಲಿ ಮತ್ತೆ ಹಾಕಾಶ.

13 ವರ್ಷ ನಾನು ಹೀಗೇ ಮಾಡಿದೆ.

ಆಮೇಲೆ ಒಂದು ಬೇಸಿಗೆಯಲ್ಲಿ ಐದು ದಿನದ ತರಬೇತಿಗೆ ಮೈಸೂರಿಗೆ ಹೋದೆ. ಮೂರನೇ ದಿನ ಬಂದ ಸಂಪನ್ಮೂಲ ವ್ಯಕ್ತಿಯೊಬ್ಬರು, ನಿಮ್ಮ ಮಕ್ಕಳು ಮಾಡುವ ತಪ್ಪು ಹೇಳಿ ಅಂದರು. ನಾನು ಹಾಕಾಶ ಹೇಳಿದೆ. ಎಲ್ಲರೂ ನಕ್ಕರು. ಅವರು ನಗಲಿಲ್ಲ. "ಈ ಹುಡುಗಿ ಮನೇಲಿ ಏನಂತಾಳೆ?" ಅಂತ ಕೇಳಿದರು. ಮನೇಲಿ ಆಕಾಶ ಅಂತಲೇ ಅನ್ನುತ್ತಾಳೆ. "ಮನೇಲೂ ಇಲ್ಲ, ಪುಸ್ತಕದಲ್ಲೂ ಇಲ್ಲ. ಹಾಗಾದರೆ ಈ ಹಕಾರ ಎಲ್ಲಿಂದ ಬಂತು ಮೇಡಂ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬಿ.ಎಡ್. ಆಗಿತ್ತು. ಕನ್ನಡ ಎಂ.ಎ. ಆಗಿತ್ತು. ಹಕಾರ ಎಲ್ಲಿಂದ ಬಂತು ಅಂತ ಯೋಚನೆಯನ್ನೇ ಮಾಡಿರಲಿಲ್ಲ.

ಅವರು ಬಿಡಿಸಿ ತೋರಿಸಿದರು. ಶಾಲೆಗೆ ಬಂದ ಮೇಲೆ ಆ ಹುಡುಗಿ ಒಂದು ವಿಷಯ ಕಂಡುಕೊಂಡಿದ್ದಾಳೆ. ಮನೆಯಲ್ಲಿ ಆಲು, ಪುಸ್ತಕದಲ್ಲಿ ಹಾಲು. ಮನೆಯಲ್ಲಿ ಅಳ್ಳಿ, ಪುಸ್ತಕದಲ್ಲಿ ಹಳ್ಳಿ. ಅಂದರೆ ಶಾಲೆಯ ಕನ್ನಡದಲ್ಲಿ ಪದದ ಮೊದಲಿಗೆ ಹಕಾರ ಸೇರಿಸಬೇಕು. ಈ ಸೂತ್ರವನ್ನು ಯಾರೂ ಅವಳಿಗೆ ಹೇಳಿಕೊಟ್ಟಿಲ್ಲ, ತಾನೇ ಕಟ್ಟಿಕೊಂಡಿದ್ದಾಳೆ. ಅದನ್ನೇ ಆಕಾಶಕ್ಕೂ ಆಲೆಮನೆಗೂ ಹಚ್ಚಿದ್ದಾಳೆ. ಹಾಗೆ ನೋಡಿದರೆ ಆ ಆರು ತಪ್ಪು ಒಂದೇ ಜಾತಿಯವಲ್ಲ. ಅಟ್ಟಿ, ಇಂದೆ, ಒಗೆ, ಓಗುತ್ತದೆ, ಇವು ಮನೆಮಾತು ಹಾಗೇ ಹಾಳೆಗೆ ಇಳಿದದ್ದು. ಹಾಲೆಮನೆ, ಹಾಕಾಶ ಅವಳು ತಲೆ ಓಡಿಸಿ ಮಾಡಿದ್ದು. ನಾನು ಎರಡಕ್ಕೂ ಒಂದೇ ಸುತ್ತು ಹಾಕಿ ಒಂದೇ ಶಿಕ್ಷೆ ಕೊಟ್ಟಿದ್ದೆ.

ಇನ್ನೂ ಒಂದು ಮಾತು ಹೇಳಿದರು. ಹಳಗನ್ನಡದಲ್ಲಿ ಪಾಲ್, ಪೊಗೆ, ಪೋಗು ಅಂತಿದ್ದವು. ಸುಮಾರು ಸಾವಿರ ವರ್ಷದ ಹಿಂದೆ ಪಕಾರ ಹಕಾರವಾಗತೊಡಗಿ ಹಾಲು, ಹೊಗೆ, ಹೋಗು ಆದವು. ನಮ್ಮ ಸೀಮೆಯ ಬಾಯಲ್ಲಿ ಆ ಹಕಾರವೂ ಉದುರಿತು. ಪಾಲ್, ಹಾಲು, ಆಲು. ಪಕಾರ ಹಕಾರವಾದದ್ದನ್ನು ನಾನೇ ಹತ್ತಾರು ಸಲ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದ್ದೆ. ಅದರ ಮುಂದಿನ ಹೆಜ್ಜೆ ನನ್ನ ಮೊದಲ ಬೆಂಚಿನಲ್ಲೇ ಕೂತಿದ್ದದ್ದು ಕಾಣಲಿಲ್ಲ.

ಆ ಮಧ್ಯಾಹ್ನ ನಾನು ಊಟ ಮಾಡಲಿಲ್ಲ. ಅಷ್ಟು ವರ್ಷದಲ್ಲಿ ನನ್ನ ಕೈ ದಾಟಿಹೋದ ಮಕ್ಕಳು ನೆನಪಾದರು. "ನಿಂಗೆ ಕನ್ನಡಾನೇ ಬರಲ್ವಲ್ಲೋ" ಅಂತ ಎಷ್ಟು ಜನಕ್ಕೆ ಅಂದಿದ್ದೇನೆ! ಹುಟ್ಟಿದಾಗಿಂದ ಕನ್ನಡ ಬಿಟ್ಟು ಬೇರೆ ಏನೂ ಆಡದ ಮಕ್ಕಳಿಗೆ.

ಮಾನ್ಯರೇ, ಇದು ಒಂದು ದೊಡ್ಡ ಶಾಸ್ತ್ರದ ಒಂದೇ ಒಂದು ಹಾಳೆ. ಅನ್ವಯಿಕ ಭಾಷಾವಿಜ್ಞಾನ ಅಂತ ಅದಕ್ಕೆ ಹೆಸರು. ಭಾಷೆಯ ಬಗ್ಗೆ ತಿಳಿದದ್ದನ್ನು ಕಲಿಸುವುದಕ್ಕೆ, ಪರೀಕ್ಷೆ ಮಾಡುವುದಕ್ಕೆ, ಅನುವಾದಕ್ಕೆ ಹೇಗೆ ಹಚ್ಚಬೇಕು ಅಂತ ನೋಡುವ ವಿದ್ಯೆ. ಬ್ರಿಟನ್ನಿನ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ 1957ರಲ್ಲೇ ಇದಕ್ಕೆಂದು ಒಂದು ವಿಭಾಗ ಶುರುವಾಯಿತು. ಅಲ್ಲಿ ಪಾಠ ಮಾಡುತ್ತಿದ್ದ ಪಿಟ್ ಕಾರ್ಡರ್ 1967ರಲ್ಲಿ ಒಂದು ಲೇಖನ ಬರೆದರು. ಕಲಿಯುವವರ ತಪ್ಪುಗಳಲ್ಲಿ ಒಂದು ಕ್ರಮ ಇರುತ್ತದೆ, ಒಳಗೆ ಏನು ನಡೆಯುತ್ತಿದೆ ಅಂತ ಅವೇ ಗುರುಗಳಿಗೆ ತೋರಿಸುತ್ತವೆ ಅನ್ನುವುದು ಅದರ ಸಾರ. ಅವರು ಹೇಳಿದ್ದು ಎರಡನೇ ಭಾಷೆ ಕಲಿಯುವವರ ಬಗ್ಗೆ. ನಮ್ಮ ಮಕ್ಕಳಿಗೆ ಪುಸ್ತಕದ ಕನ್ನಡ ಅರ್ಧ ಎರಡನೇ ಭಾಷೆಯೇ ಅಲ್ವಾ?

ಇದು ಹೊರಗಿನವರ ವಿದ್ಯೆ ಅಂದುಕೊಳ್ಳಬೇಡಿ. ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಮುಂತಾದ ಕಡೆಯ ಸಾಧಾರಣ ಶಾಲೆಗಳಲ್ಲಿ ಒಂದು ಪ್ರಯೋಗ ಮಾಡಿದರು. ವ್ಯಾಕರಣದ ಪಾಠ ಬದಿಗಿಟ್ಟು, ರೈಲಿನ ವೇಳಾಪಟ್ಟಿ, ನಕ್ಷೆ ಇಂಥವನ್ನು ಕೊಟ್ಟು, ಇಂಗ್ಲಿಷಿನಲ್ಲಿ ಲೆಕ್ಕ ಹಾಕಿ ಉತ್ತರ ಹುಡುಕುವ ಕೆಲಸ ಮಕ್ಕಳಿಗೆ ಹಚ್ಚಿದರು. ಕೆಲಸದ ಮೇಲೆ ಗಮನ ಇದ್ದಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಅನ್ನುವುದು ಅವರ ನಂಬಿಕೆ. ಬೆಂಗಳೂರು ಪ್ರಾಜೆಕ್ಟ್ ಅಂತಲೇ ಅದಕ್ಕೆ ಹೆಸರಾಯಿತು. ಇವತ್ತಿಗೂ ಪ್ರಪಂಚದ ಬೇರೆ ಬೇರೆ ಕಡೆ ಭಾಷಾ ಶಿಕ್ಷಕರು ಅದನ್ನು ಓದುತ್ತಾರೆ. ನಮ್ಮ ತಾಲ್ಲೂಕಿನಲ್ಲಿ ನಾನು ಕೇಳಿದ ಇಂಗ್ಲಿಷ್ ಮೇಷ್ಟ್ರುಗಳಲ್ಲಿ ಯಾರೂ ಅದರ ಹೆಸರು ಕೇಳಿರಲಿಲ್ಲ. ಅವರ ತಪ್ಪು ಏನೂ ಇಲ್ಲ. ಹೇಳುವವರು ಇರಲಿಲ್ಲ, ಓದುವುದಕ್ಕೆ ಜಾಗ ಇರಲಿಲ್ಲ.

ತರಬೇತಿಯಿಂದ ಬಂದ ಮೇಲೆ ನಾನು ಒಂದು ಕೆಲಸ ಮಾಡಿದೆ. ಬೋರ್ಡಿನ ಮೇಲೆ ಎರಡು ಪಟ್ಟಿ ಎಳೆದೆ. ಒಂದರ ಮೇಲೆ "ಮನೇಲಿ", ಇನ್ನೊಂದರ ಮೇಲೆ "ಪುಸ್ತಕದಲ್ಲಿ". ಮಕ್ಕಳೇ ಪದ ತಂದರು. ಅಜ್ಜಿಯನ್ನು ಕೇಳಿಕೊಂಡು ಬಂದರು. ಊವ, ಅಸ, ಅಂಚು, ಏಳು. ಹೂವಿಗೆ, ಹಸುವಿಗೆ, ಹಂಚಿಗೆ ಹಕಾರ ಇದೆ. ಎಲೆಗೆ, ಎತ್ತಿಗೆ, ಆಕಾಶಕ್ಕೆ ಎರಡು ಕಡೆಯೂ ಇಲ್ಲ. ಒಬ್ಬ ಹುಡುಗ ಎದ್ದು ನಿಂತು, "ಮಿಸ್, ಏಳು ಎರಡು ಕಡೆನೂ ಬತ್ತದೆ. ಒಂದು ಲೆಕ್ಕದ ಏಳು, ಇನ್ನೊಂದು ಮಾತು ಏಳು" ಅಂದ. ಆ ಪೀರಿಯಡ್ಡಿನಲ್ಲಿ ಆದಷ್ಟು ಗಲಾಟೆ ನನ್ನ ಕನ್ನಡ ತರಗತಿಯಲ್ಲಿ ಎಂದೂ ಆಗಿರಲಿಲ್ಲ. ತಿಂಗಳೊಳಗೆ ಹಾಕಾಶ ಹೋಯಿತು. ಅಟ್ಟಿ ಆಗಾಗ ಬರುತ್ತಲೇ ಇತ್ತು.

ಆದರೆ ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು. ಪಟ್ಟಿಯಿಂದಲೇ ಸರಿಹೋಯಿತೋ, ಸುಮ್ನೆ ಬಿಟ್ಟಿದ್ದರೂ ಸರಿಹೋಗುತ್ತಿತ್ತೋ? ಇನ್ನೊಂದು ಸೆಕ್ಷನ್ನಿನ ಜೊತೆ ಹೋಲಿಸಿ ನೋಡುವುದು ಹೇಗೆ? ಸ, ಶ, ಷ ಗೊಂದಲವೂ ಇದೇ ಥರದ್ದಾ, ಬೇರೆಯದಾ? ನನಗೆ ಗೊತ್ತಿಲ್ಲ. ಐದು ದಿನದ ತರಬೇತಿಯಲ್ಲಿ ಇಷ್ಟೆಲ್ಲ ಕಲಿಯಲು ಆಗುವುದಿಲ್ಲ. ಅದಕ್ಕೆ ಎರಡು ವರ್ಷ ಕೂತು ಓದಬೇಕು. ನಮ್ಮದೇ ತರಗತಿಯನ್ನು ರೆಕಾರ್ಡ್ ಮಾಡಿ, ಬರೆದಿಟ್ಟು, ಯಾರು ಎಷ್ಟು ಮಾತಾಡಿದರು ಅಂತ ನೋಡಬೇಕು. ಓದಿನ ಕೊನೆಗೆ ಕೊಡುವ ಪ್ರಬಂಧವನ್ನೂ ಆ ತರಗತಿಯ ಮೇಲೆಯೇ ಬರೆಯಬೇಕು.

ಪರೀಕ್ಷೆಯ ವಿಷಯ ಇನ್ನೂ ದೊಡ್ಡದು. ಎಸ್ಸೆಸ್ಸೆಲ್ಸಿ ಪ್ರಥಮ ಭಾಷೆಗೆ 125 ಅಂಕ. ಗಾದೆ ವಿಸ್ತರಿಸಿ ಅನ್ನುವ ಪ್ರಶ್ನೆ ನಿಮಗೂ ನೆನಪಿರಬಹುದು. ನೀವು ಯಾವ ಶಾಲೆಯ ಉತ್ತರ ಪತ್ರಿಕೆ ತೆಗೆದರೂ "ಗಾದೆಗಳು ವೇದಗಳಿಗೆ ಸಮಾನ" ಅಂತಲೇ ಶುರುವಾಗುತ್ತದೆ. ಗೈಡಿನಲ್ಲಿ ಹಾಗಿದೆ, ನಾವೂ ಹಾಗೇ ಬರೆಸುತ್ತೇವೆ. ಮಗುವಿಗೆ ಬರೆಯಲು ಬರುತ್ತದೋ, ಗೈಡು ಬಾಯಿಪಾಠ ಬರುತ್ತದೋ, ಈ ಪ್ರಶ್ನೆಯಿಂದ ತಿಳಿಯುವುದಿಲ್ಲ. ಯಾವ ಪ್ರಶ್ನೆ ಏನನ್ನು ಅಳೆಯುತ್ತದೆ ಅಂತ ನೋಡುವುದೂ ಒಂದು ಕಲಿಯಬೇಕಾದ ವಿದ್ಯೆ. ಪ್ರಶ್ನೆಪತ್ರಿಕೆ ಮಾಡುವ ನಮಗೆ ಅದನ್ನು ಯಾರೂ ಕಲಿಸಿಲ್ಲ.

ಮೈಸೂರಿನಲ್ಲಿ ಏನಿಲ್ಲ ಹೇಳಿ? ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಸುತ್ತಲೇ ನೋಡಿ. ಭಾರತೀಯ ಭಾಷಾ ಸಂಸ್ಥಾನ 1969ರಿಂದ ಇದೆ. ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಿಂದ ಇದೆ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಇದೆ. ಹತ್ತಿರದಲ್ಲೇ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇದೆ. ಇವಿಷ್ಟೂ ಒಂದೇ ಆಟೋದಲ್ಲಿ ಸುತ್ತಿ ಬರುವಷ್ಟು ಹತ್ತಿರ. ಭಾಷಾ ಸಂಸ್ಥಾನದ ದಕ್ಷಿಣ ಪ್ರಾದೇಶಿಕ ಕೇಂದ್ರಕ್ಕೆ ದಶಕಗಳಿಂದ ಹೊರರಾಜ್ಯದ ಶಿಕ್ಷಕರು ಬರುತ್ತಾರೆ. ಹತ್ತು ತಿಂಗಳು ಇಲ್ಲೇ ಇದ್ದು ಕನ್ನಡ, ತಮಿಳು, ತೆಲುಗು, ಮಲಯಾಳಂ ಕಲಿಯುತ್ತಾರೆ. ಅವರ ಸರ್ಕಾರಗಳೇ ನಿಯೋಜನೆ ಮೇಲೆ ಕಳಿಸುತ್ತವೆ. ಕೆಲಸದಲ್ಲಿರುವ ಶಿಕ್ಷಕರನ್ನು ಓದಲು ಕಳಿಸುವುದು ಆಗದ ಮಾತೇನಲ್ಲ, ಅದು ಮೈಸೂರಿನಲ್ಲೇ ಆಗುತ್ತಿದೆ. ಮಂಡ್ಯದಿಂದ 45 ಕಿಲೋಮೀಟರ್ ದೂರದಲ್ಲಿ.

ಮೈಸೂರು ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನದ ಎಂ.ಎ. ಇದೆಯಲ್ಲ ಅಂತ ನೀವು ಕೇಳಬಹುದು. ಅದು ದಿನಾ ತರಗತಿಗೆ ಹೋಗಬಲ್ಲ ಎಳೆಯರಿಗೆ ಮಾಡಿದ್ದು. ಹತ್ತು ವರ್ಷ ಪಾಠ ಮಾಡಿದವಳು ಕೆಲಸ ಬಿಟ್ಟು ಅಲ್ಲಿ ಕೂರಲು ಆಗುವುದಿಲ್ಲ. ಅವಳ ಹತ್ತಿರ ಇರುವ ಪ್ರಶ್ನೆಗಳೂ ಬೇರೆ. ನಾನು ಕೇಳುತ್ತಿರುವ ಅನ್ವಯಿಕ ಭಾಷಾವಿಜ್ಞಾನದ ಕೋರ್ಸಿಗೆ ಕನಿಷ್ಠ ಐದು ವರ್ಷ ಭಾಷೆ ಕಲಿಸಿದವರನ್ನು ಮಾತ್ರ ತೆಗೆದುಕೊಳ್ಳಬೇಕು. ಬೇಸಿಗೆ ರಜೆ, ದಸರಾ ರಜೆಯಲ್ಲಿ ಮುಖಾಮುಖಿ ತರಗತಿ ಇರಲಿ. ಉಳಿದ ದಿನ ಮನೆಯಿಂದ ಓದು. ಕೊನೆಯ ಪ್ರಬಂಧ ಮುಗಿಸಲು ಒಂದೆರಡು ತಿಂಗಳು ಸಂಬಳ ಸಹಿತ ರಜೆ ಕೊಡಿ. ಪ್ರಬಂಧವನ್ನು ಕನ್ನಡದಲ್ಲೇ ಬರೆಯಲು ಬಿಡಬೇಕು. ಇಂಗ್ಲಿಷಿನಲ್ಲಿ ಬರೆಯಲೇಬೇಕು ಅಂದರೆ ಹಳ್ಳಿ ಶಾಲೆಯ ಕನ್ನಡ ಮೇಷ್ಟ್ರುಗಳು ಬಾಗಿಲಲ್ಲೇ ನಿಲ್ಲುತ್ತಾರೆ.

ದಯವಿಟ್ಟು ಕನ್ನಡದವರು ಬೇರೆ, ಇಂಗ್ಲಿಷಿನವರು ಬೇರೆ ಅಂತ ಮಾಡಬೇಡಿ. ನಮ್ಮ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಿ.ಎಂ.ಶ್ರೀ ಇಂಗ್ಲಿಷ್ ಪಾಠ ಹೇಳುತ್ತಲೇ ಕನ್ನಡಕ್ಕೆ ದುಡಿದವರು. ಹಿಂದಿ ಮೇಡಂ ತರಗತಿಗೆ ಬರುವ ಮಕ್ಕಳು ಹಿಂದಿಯನ್ನು ಪಾಠದ ಹೊತ್ತಿನಲ್ಲಿ ಬಿಟ್ಟರೆ ಟಿವಿಯಲ್ಲಿ ಮಾತ್ರ ಕೇಳುತ್ತಾರೆ. ಮೈಸೂರಿನ ಉರ್ದು ಶಾಲೆಯ ಮಗುವಿಗೆ ಕನ್ನಡ ಎರಡನೆಯದು. ಎಚ್.ಡಿ. ಕೋಟೆ, ಹುಣಸೂರಿನ ಹಾಡಿಯಿಂದ ಬರುವ ಜೇನುಕುರುಬರ ಮಗು ಮನೆಯಲ್ಲಿ ಆಡುವ ನುಡಿಯೇ ಬೇರೆ. ಆ ಮಗುವಿನ ನೋಟ್‌ಬುಕ್ಕಿನಲ್ಲಿ ಯಾವ ಸೂತ್ರ ಅಡಗಿದೆಯೋ, ಅದನ್ನು ಓದಬಲ್ಲವರು ಬೇಕು. ಇವರೆಲ್ಲರ ಮೇಷ್ಟ್ರುಗಳು ಒಂದೇ ಕೋಣೆಯಲ್ಲಿ ಕೂತರೆ ಒಬ್ಬರಿಂದ ಒಬ್ಬರು ಎಷ್ಟು ಕಲಿಯಬಹುದು ಅಂತ ಯೋಚನೆ ಮಾಡಿ.

ಇನ್ನೊಂದು ತೊಡಕಿದೆ. ಈ ಮಾತು ಎತ್ತಿದರೆ ಸಹೋದ್ಯೋಗಿಗಳು ಮೊದಲು ಕೇಳುವುದೇ, "ಅದರಿಂದ ಏನು ಸಿಗುತ್ತೆ?" ಅಂತ. ಅವರು ಕೇಳುವುದರಲ್ಲಿ ತಪ್ಪಿಲ್ಲ. ಮಕ್ಕಳ ಫೀಸು ಕಟ್ಟಿ, ಮನೆ ಸಾಲ ಕಟ್ಟಿ, ಎರಡು ವರ್ಷದ ರಜೆಗಳನ್ನು ಓದಿಗೆ ಕೊಡಬೇಕು. ಹೆಣ್ಣುಮಕ್ಕಳಿಗೆ ರಜೆ ಅಂದರೆ ಮನೆಗೆಲಸ ಜಾಸ್ತಿ ಇರುವ ದಿನ. ಆದ್ದರಿಂದ ಈ ಪದವಿಗೆ ಬಡ್ತಿಯಲ್ಲಿ ಒಂದು ತೂಕ ಇರಬೇಕು. ಇದನ್ನು ಓದಿದವರನ್ನೇ ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್‌ಗೆ, ಪಠ್ಯಪುಸ್ತಕ ಸಮಿತಿಗೆ, ಪ್ರಶ್ನೆಪತ್ರಿಕೆ ಮಾಡುವುದಕ್ಕೆ ಕರೆಯಬೇಕು.

ಮಾನ್ಯರೇ, ಎಲ್ಲ ಬಿಟ್ಟು ನಿಮಗೇ ಬರೆಯುತ್ತಿರುವುದಕ್ಕೆ ಒಂದು ಕಾರಣ ಇದೆ. ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನದಲ್ಲಿ ನಿಮಗೆ ಮತ ಹಾಕಬೇಕಾದರೆ ಪ್ರೌಢಶಾಲೆ ಅಥವಾ ಅದಕ್ಕಿಂತ ಮೇಲಿನ ಕಡೆ ಮೂರು ವರ್ಷ ಪಾಠ ಮಾಡಿರಲೇಬೇಕು. ಅಷ್ಟು ಅನುಭವ ಇಲ್ಲದವರ ಹೆಸರು ಪಟ್ಟಿಗೆ ಸೇರುವುದಿಲ್ಲ. ಪಾಠ ಮಾಡಿದ ಅನುಭವಕ್ಕೆ ಸಂವಿಧಾನವೇ ಒಂದು ಕುರ್ಚಿ ಹಾಕಿಕೊಟ್ಟಿದೆ, ಅದರಲ್ಲಿ ನೀವು ಕೂತಿದ್ದೀರಿ. ಅದೇ ಅನುಭವವನ್ನು ಪ್ರವೇಶದ ಅರ್ಹತೆ ಅಂತ ಒಪ್ಪುವ ಒಂದು ಕೋರ್ಸು ಮೈಸೂರಿನಲ್ಲಿ ಆಗಲಿ ಅಂತ ನಾನು ಕೇಳುತ್ತಿದ್ದೇನೆ.

ಮುಂದಿನ ಅಧಿವೇಶನದಲ್ಲಿ ಉನ್ನತ ಶಿಕ್ಷಣ ಸಚಿವರಿಗೆ ಒಂದು ಪ್ರಶ್ನೆ ಹಾಕಿ. ಅದಕ್ಕೂ ಮೊದಲು ಈ ಸಂಸ್ಥೆಗಳವರನ್ನೂ ನಮ್ಮಂಥ ಹತ್ತು ಜನ ಶಿಕ್ಷಕರನ್ನೂ ಒಂದು ಮೇಜಿನ ಸುತ್ತ ಕೂರಿಸಿ. ಶನಿವಾರ ನಮಗೆ ಬೆಳಗಿನ ಶಾಲೆ. ಮಧ್ಯಾಹ್ನದ ರೈಲಿಗೆ ಹತ್ತಿದರೆ ಸಂಜೆಯೊಳಗೆ ಮೈಸೂರಿನಲ್ಲಿರುತ್ತೇನೆ. ಆ ಹುಡುಗಿಯ ನೋಟ್‌ಬುಕ್ ಇನ್ನೂ ನನ್ನ ಬೀರುವಿನಲ್ಲೇ ಇದೆ, ಕೆಂಪು ಸುತ್ತುಗಳ ಸಮೇತ. ಅದನ್ನೂ ತರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಕನ್ನಡ ಶಿಕ್ಷಕಿ
ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ