'ಪುಸ್ತಕವೇ ಚೆನ್ನಾಗಿತ್ತು' ಅಂದರೆ ಸಾಲದು

ಮಾನ್ಯ ಸಂಪಾದಕರೇ,

ಕಥೆ, ಕಾದಂಬರಿ ಆಧರಿಸಿದ ಸಿನಿಮಾ ಬಂದಾಗಲೆಲ್ಲ ನೋಡಿದವರ ಬಾಯಲ್ಲಿ ಒಂದೇ ಮಾತು: 'ಪುಸ್ತಕದಷ್ಟು ಚೆನ್ನಾಗಿಲ್ಲ'. ಓದುಗರ ಪತ್ರಗಳಲ್ಲೂ ಇದೇ ಮಾತು ಆಗಾಗ ಕಾಣುತ್ತದೆ. ದುಡ್ಡು ಕೊಟ್ಟು ನೋಡಿದವರಿಗೆ ಅಭಿಪ್ರಾಯ ಹೇಳುವ ಹಕ್ಕು ಇದ್ದೇ ಇದೆ. ಆದರೆ ಪುಸ್ತಕದ ಯಾವ ಜಾಗ ತೆರೆಯ ಮೇಲೆ ಸೋತಿತು, ಯಾವುದು ಗೆದ್ದಿತು ಅಂತಲೂ ಹೇಳಬೇಕು ಅಲ್ವಾ?

'ಚೋಮನ ದುಡಿ'ಯನ್ನೇ ನೋಡಿ. ಶಿವರಾಮ ಕಾರಂತರ ಕಾದಂಬರಿ ಬಂದದ್ದು 1933ರಲ್ಲಿ, ಬಿ.ವಿ. ಕಾರಂತರ ಸಿನಿಮಾ 1975ರಲ್ಲಿ. ದುಡಿ ಅಂದರೆ ಬಾರಿಸುವ ಚರ್ಮವಾದ್ಯ. ಚೋಮನಿಗೆ ಸಿಟ್ಟು ಬಂದರೂ ದುಡಿ, ಸಂಕಟವಾದರೂ ದುಡಿ. ಓದುವಾಗ ಆ ಸದ್ದನ್ನು ನಾವೇ ಊಹಿಸಿಕೊಳ್ಳಬೇಕು. ಸಿನಿಮಾದಲ್ಲಿ ಅದು ನೇರವಾಗಿ ಎದೆಗೆ ಬಡಿಯುತ್ತದೆ. ಸ್ವಂತಕ್ಕೊಂದು ತುಂಡು ಗದ್ದೆ ಸಿಗದವನ ನೋವನ್ನು ಚೋಮನ ಪಾತ್ರ ಮಾಡಿದ ಎಂ.ವಿ. ವಾಸುದೇವ ರಾವ್ ಮಾತಿಗಿಂತ ಜಾಸ್ತಿ ಆ ದುಡಿಯಲ್ಲೇ ಹೇಳಿಬಿಡುತ್ತಾರೆ. ಅವರಿಗೆ ರಾಷ್ಟ್ರಪ್ರಶಸ್ತಿ ಸುಮ್ನೆ ಬರಲಿಲ್ಲ. ಇಲ್ಲಿ ಪುಸ್ತಕ ಮೇಲೋ ಸಿನಿಮಾ ಮೇಲೋ ಅಂತ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆದರೆ ದುಡಿಯ ಸದ್ದು ಸಿನಿಮಾ ಕೊಟ್ಟದ್ದು ಅಂತ ಖಂಡಿತ ಹೇಳಬಲ್ಲೆ.

'ಸಂಸ್ಕಾರ'ದಲ್ಲಿ ಬೇರೆ ರೀತಿ ಆಯಿತು. ಅಂತ್ಯಸಂಸ್ಕಾರವಿಲ್ಲದೆ ಬಿದ್ದ ಹೆಣ, ಅದರ ಸುತ್ತ ಹೆದರಿ ಕೂತ ಅಗ್ರಹಾರ, ಇವೆಲ್ಲ ಪಟ್ಟಾಭಿರಾಮ ರೆಡ್ಡಿಯವರ 1970ರ ಸಿನಿಮಾದಲ್ಲಿ ಗಟ್ಟಿಯಾಗಿ ಬಂದಿದೆ. ಆದರೆ ಅಗ್ರಹಾರದ ಪಂಡಿತರಾದ ಪ್ರಾಣೇಶಾಚಾರ್ಯರು ಊರು ಬಿಟ್ಟು ಹೊರಟ ಮೇಲೆ ಅನಂತಮೂರ್ತಿಯವರ ಕಾದಂಬರಿ ಹೆಚ್ಚಾಗಿ ನಡೆಯುವುದು ಆಚಾರ್ಯರ ತಲೆಯೊಳಗೆ. ದಾರಿಯಲ್ಲಿ ಜೊತೆಯಾದ ಪುಟ್ಟ ಬೆನ್ನು ಬಿಡದೆ ಹರಟುತ್ತಾನೆ. ಇವರು ಒಳಗೊಳಗೇ ತಮ್ಮ ಜೊತೆ ತಾವೇ ವಾದಕ್ಕೆ ಬಿದ್ದಿರುತ್ತಾರೆ. ಆಚಾರ್ಯರ ಪಾತ್ರ ಮಾಡಿದ ಗಿರೀಶ ಕಾರ್ನಾಡರ ಮುಖವನ್ನು ಎಷ್ಟು ನೋಡಿದರೂ ಆ ವಾದ ಪೂರ್ತಿ ಕೇಳಿಸುವುದಿಲ್ಲ ಅಂತ ನನ್ನ ಅನಿಸಿಕೆ. ಇದನ್ನು ಒಪ್ಪದವರು ಇದ್ದೇ ಇರುತ್ತಾರೆ. ಅವರು ಯಾವ ದೃಶ್ಯದಲ್ಲಿ ಕೇಳಿಸಿತು ಅಂತ ಬರೆದರೆ ನಾನು ಮತ್ತೆ ಕೂತು ನೋಡಲು ಸಿದ್ಧ.

'ನಾಗರಹಾವು' ಬಗ್ಗೆ ಜಗಳ ಹಳೆಯದು. ಕಾದಂಬರಿ ಬರೆದ ತ.ರಾ.ಸು. ಅವರಿಗೆ ಸಿನಿಮಾ ಹಿಡಿಸಲಿಲ್ಲ, ಜನರಿಗೆ ತುಂಬಾ ಹಿಡಿಸಿತು. ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲ್ ಒಂದೇ ಸಿನಿಮಾಕ್ಕೆ ಇಳಿಸಿದರು. ಏನಾದರೂ ಬಿಟ್ಟುಹೋಗಲೇಬೇಕು. ಬರೆದವರಿಗೆ ಅದು ನೋವಾಗುವುದು ಸಹಜ. ಹಾಗಂತ ಅಶ್ವತ್ಥ್ ಅವರ ಚಾಮಯ್ಯ ಮೇಷ್ಟ್ರನ್ನು ಬೇಡ ಅನ್ನಲು ಸಾಧ್ಯವೇ? ನಾನು ಕಾದಂಬರಿ ಓದುವಾಗಲೂ ಮೇಷ್ಟ್ರು 'ರಾಮಾಚಾರಿ' ಅಂತ ಕರೆದರೆ ಅಶ್ವತ್ಥರ ದನಿಯೇ ಕೇಳುತ್ತದೆ. ನನಗೆ ಬೇಸರವಾಗುವುದು ಬೇರೆ ವಿಷಯಕ್ಕೆ. ಸಿನಿಮಾವನ್ನು ಬಾಯಿಪಾಠ ಮಾಡಿಕೊಂಡಿರುವ ಎಷ್ಟೋ ಜನರಿಗೆ 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಅನ್ನುವ ಹೆಸರೇ ಗೊತ್ತಿಲ್ಲ.

2023ರ 'ಡೇರ್‌ಡೆವಿಲ್ ಮುಸ್ತಫಾ' ನೋಡಿ, ತೇಜಸ್ವಿಯವರ ಸಣ್ಣ ಕಥೆಯನ್ನು ಎಳೆದಿದ್ದಾರೆ ಅಂದವರೂ ಇದ್ದಾರೆ. ಸಣ್ಣ ಕಥೆ ಪೂರ್ತಿ ಸಿನಿಮಾ ಆಗಬೇಕಾದರೆ ಹೊಸದಾಗಿ ಸೇರಿಸಲೇಬೇಕು. ಸೇರಿಸಿದ್ದು ಕಥೆ ನಡೆಯುವ ಅಬಚೂರಿಗೆ ಒಗ್ಗುತ್ತಾ ಅನ್ನುವುದು ಪ್ರಶ್ನೆ. ನನಗೆ ಒಗ್ಗಿದೆ ಅನಿಸಿತು. ತೇಜಸ್ವಿಯವರನ್ನು ಓದಿ ಬೆಳೆದವರೇ ಕೈಯಿಂದ ದುಡ್ಡು ಹಾಕಿ ಮಾಡಿದ ಸಿನಿಮಾ ಅದು. ಆ ಪ್ರೀತಿ ತೆರೆಯ ಮೇಲೆ ಕಾಣುತ್ತದೆ.

ನಿಮ್ಮಲ್ಲಿ ಎರಡು ಕೋರಿಕೆ ಇದೆ. ಹಳೆಯ ಸಿನಿಮಾ ಬಗ್ಗೆ ಬರೆಯುವಾಗ ಮೂಲ ಲೇಖಕರ ಹೆಸರು ಬಿಡಬೇಡಿ. 'ಬೆಳ್ಳಿಮೋಡ', 'ಶರಪಂಜರ' ಅಂದರೆ ಕಲ್ಪನಾ ನೆನಪಾಗುತ್ತಾರೆ, ಪುಟ್ಟಣ್ಣ ನೆನಪಾಗುತ್ತಾರೆ. ತ್ರಿವೇಣಿ ಹೆಸರನ್ನು ನಾವೇ ನೆನಪಿಸಬೇಕಾಗುತ್ತದೆ. 'ಬಂಗಾರದ ಮನುಷ್ಯ'ನ ರಾಜೀವಪ್ಪ ಎಲ್ಲರಿಗೂ ಗೊತ್ತು. ಆ ಕಾದಂಬರಿ ಬರೆದ ಟಿ.ಕೆ. ರಾಮರಾವ್ ಎಷ್ಟು ಜನರಿಗೆ ಗೊತ್ತು?

ಇನ್ನೊಂದು, ಪುಸ್ತಕ ಓದಿ ಸಿನಿಮಾವನ್ನೂ ನೋಡಿದ ಓದುಗರಿಗೆ ಭಾನುವಾರದ ಪುರವಣಿಯಲ್ಲಿ ಕಾಲು ಪುಟ ಕೊಡಿ. ಬಾಲವಿಧವೆಯೊಬ್ಬಳ ಬದುಕು ಹೇಳುವ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಮತ್ತು ಪ್ರೇಮಾ ಕಾರಂತರು ಮಾಡಿದ ಅದರ ಸಿನಿಮಾದಿಂದ ಶುರು ಮಾಡಬಹುದು. ಆ ಬಗ್ಗೆ ಹೇಳಲು ನಮ್ಮ ಅಮ್ಮಂದಿರ ಹತ್ತಿರ, ಅಜ್ಜಿಯರ ಹತ್ತಿರ ಬಹಳಷ್ಟು ಇದೆ.

ಇಂತಿ,
ನಿಮ್ಮ ಓದುಗ, ಶಿವಮೊಗ್ಗ